ಮೊದಲ ಫೋನು ನನಗೆ

ಅಕ್ಟೋಬರ್ 1, ಬುಧವಾರ

ಇವತ್ತು ಆಯುಧ ಪೂಜೆ. ಹೊಸ ಫೋನು ಮೊನ್ನೆಯೇ ಬಂದಿದ್ದರೂ ಪೂಜೆಯಾಗದೆ ಬಳಸುವುದು ಬೇಡವೆಂದು ಡಬ್ಬದಲ್ಲೇ ಇಟ್ಟಿದ್ದೆ. ಹೊಲಿಗೆ ಮಿಷನ್ನು, ಇವರ ಬೈಕು, ಮೀನು ಕೊಯ್ಯುವ ಕತ್ತಿ, ಎಲ್ಲದರ ಸಾಲಿನಲ್ಲಿ ಅದನ್ನೂ ಇಟ್ಟೆ. ಪ್ರತಿ ವರ್ಷ ಗಂಧ ಕುಂಕುಮ ಹಚ್ಚುವುದು ಇವರ ಅಣ್ಣನ ಹೆಂಡತಿ ವನಜಕ್ಕ. ಬಾವ ತೀರಿಹೋದ ಮೇಲೂ, ಅತ್ತಿಗೆಯೇ ಹಚ್ಚಲಿ ಎಂದು ಇವರು ಹಟ ಹಿಡಿದಿದ್ದರು. ಈ ಸಲ ಅಕ್ಕ ಮಿಂದು ಬರುವುದರೊಳಗೆ ನಾನೇ ಎಲ್ಲ ಮುಗಿಸಿಬಿಟ್ಟೆ. ಫೋನಿನ ಗಾಜಿಗೆ ಹಚ್ಚಿದರೆ ಕಲೆಯಾದೀತೆಂದು ಕೆಳಗಿನ ಅಂಚಿಗೆ ದಪ್ಪಗೆ ಮೆತ್ತಿದೆ. ಅಕ್ಕ ಬಂದು ನೋಡಿ ಚಂದ ಆಯ್ತ್ ಎಂದರು. ಬೇಸರ ಮಾಡಿಕೊಂಡಿದ್ದರೆ ನನಗೆ ಇನ್ನಷ್ಟು ಸಮಾಧಾನವಾಗುತ್ತಿತ್ತು.

ಯಾಕೆ ಇಷ್ಟು ದೊಡ್ಡ ಫೋನು ಎಂದು ಪಕ್ಕದ ಮನೆಯ ಪದ್ದು ಕೇಳಿದಳು. ರವಿಕೆಯ ಡಿಸೈನ್ ನೋಡಲಿಕ್ಕೆ ಎಂದೆ. ನಿಜ ಇಲ್ಲಿ ಬರೆಯುತ್ತೇನೆ. ಇವರ ಬೋಟು ವಾರಗಟ್ಟಲೆ ಆಳ ಕಡಲಿನಲ್ಲಿರುತ್ತದೆ, ಅಲ್ಲಿ ಸಿಗ್ನಲ್ ಇಲ್ಲ. ವಾಪಸು ಬರುವಾಗ ದಡ ಹತ್ತಿರವಾಗಿ ಸಿಗ್ನಲ್ ಸಿಕ್ಕಿದ ಕೂಡಲೇ ಇವರು ಮಾಡುವ ಮೊದಲ ಫೋನು ಗೋಡೆಯಾಚೆಯ ವನಜಕ್ಕನಿಗೆ. ಕಟ್ಟಿಕೊಂಡ ಹೆಂಡತಿ ನಾನು. ಗಂಡ ಬರುತ್ತಿದ್ದಾನೆಂಬ ಸುದ್ದಿ ನನಗೆ ಓರಗಿತ್ತಿಯ ಬಾಯಿಂದ. ಕೇಳಿದರೆ, ನಿನ್ನ ಫೋನು ಅರ್ಧಕ್ಕೇ ಕಟ್ಟಾಗುತ್ತದೆ ಎನ್ನುತ್ತಿದ್ದರು. ಆ ಹಳೆಯದನ್ನು ಅಂಗಡಿಗೇ ಕೊಟ್ಟು ಇದನ್ನು ತಂದಿದ್ದೇನೆ. ಇನ್ನು ನೆಪವಿಲ್ಲ. ಊಟಕ್ಕೆ ಕೂತಾಗ ಇವರ ಬಾಯಲ್ಲೇ ಹೇಳಿಸಿಕೊಂಡೆ, ಇನ್ನು ಮೇಲೆ ಮೊದಲ ಫೋನು ನನಗೆ. ಆಯ್ತ್ ಮಾರಾಯ್ತಿ ಎಂದರು.

ಅಕ್ಟೋಬರ್ 11, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ, ಅದರಲ್ಲೇ ಬರೆಯುತ್ತಿದ್ದೇನೆ.

ಸಂಜೆ ಫೋನು ಬಂತು. ಮೊದಲು ನನಗೇ ಬಂತು, ಅದು ಸರಿ. ಹೊಲಿಯುತ್ತಿದ್ದ ಬಟ್ಟೆ ಬಿಟ್ಟು ಓಡಿದೆ. "ಹ್ವಾಯ್, ಕೇಣ್ತಾ?" ಎಂದರು. ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳುತ್ತಿತ್ತು, ಹಿಂದಿನಿಂದ ಇಂಜಿನ್ನಿನ ಸದ್ದು ಕೂಡ. ಕೇಳುತ್ತದೆ, ಎಷ್ಟೊತ್ತಿಗೆ ಬರುತ್ತೀರಿ, ಗಸಿ ಮಾಡಲೋ ಸಾರು ಮಾಡಲೋ ಎಂದೆಲ್ಲ ಒಂದೇ ಉಸಿರಿನಲ್ಲಿ ಕೇಳಿದೆ. ಅವರು ಮತ್ತೆ ಹಲೋ ಎಂದರು. ನಾನು ಕೂಗಿದೆ. ಪದ್ದುವಿನ ಮನೆಯ ನಾಯಿ ಬೊಗಳುವಷ್ಟು ಕೂಗಿದೆ. ಅವರು, "ಎಂತ ಕೇಣ್ತಿಲ್ಲೆ. ಇರ್ಲಿ, ಅತ್ತಿಗೆಗ್ ಮಾಡ್ತೆ" ಎಂದು ಇಟ್ಟರು.

ನಾನು ಫೋನು ಕೆಳಗಿಡುವುದರೊಳಗೆ ಗೋಡೆಯಾಚೆ ಆ ಹಳೆಯ ಕೀಪ್ಯಾಡ್ ಸೆಟ್ಟು ಕಿರುಚಿಕೊಂಡಿತು. ನನ್ನ ಹತ್ತಿರ ಎರಡು ಮಾತು, ಅಲ್ಲಿ ಮುಗಿಯುವುದೇ ಇಲ್ಲ. ಗೋಡೆಗೆ ಕಿವಿ ಹಚ್ಚಿ ನಿಂತೆ. ಅಕ್ಕನದು ಬರೀ ಹ್ಞಾ, ಹ್ಞಾ. ಮಾತೆಲ್ಲ ಇವರದೇ ಇರಬೇಕು. ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರುವ ಗಂಡಸು ಅಲ್ಲಿ ಅಷ್ಟು ಹೊತ್ತು ಎಂತ ಮಾತಾಡುತ್ತಾರೆ?

ನನಗೆ ಹೊಟ್ಟೆಕಿಚ್ಚು. ಇಲ್ಲಿ ಯಾರು ಓದುತ್ತಾರೆ, ಸುಳ್ಳು ಬರೆದು ಏನು ಪ್ರಯೋಜನ. ಚಂದ್ರ ಬಾವನ ಬೋಟು ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಬಾಯಲ್ಲಿ, ಮಗುಚಿ ಎರಡು ಮಳೆಗಾಲ ಕಳೆಯಿತು. ಗಂಡನನ್ನು ಕಳೆದುಕೊಂಡವರ ಮೇಲೆ ಹೊಟ್ಟೆಕಿಚ್ಚು ಪಡಬಾರದು. ಗೊತ್ತಿದ್ದೂ ಆಗುತ್ತದೆ, ನಾನೇನು ಮಾಡಲಿ.

ಅಕ್ಟೋಬರ್ 12, ಭಾನುವಾರ

ಇವರು ಮನೆಯಲ್ಲಿದ್ದಾರೆ. ಬೆಳಿಗ್ಗೆಯಿಂದ ಫೋನಿನ ಪರೀಕ್ಷೆ. ಇವರು ತೆಂಗಿನ ಕಟ್ಟೆಯಲ್ಲಿ, ನಾನು ಅಡಿಗೆಮನೆಯಲ್ಲಿ. ಅವರ ಮಾತು ನನಗೆ ಸ್ಪಷ್ಟ, ನನ್ನದು ಅವರಿಗೆ ಏನೂ ಇಲ್ಲ. ಸ್ಪೀಕರ್ ಹಾಕಿದರೆ ಬಾವಿಯೊಳಗಿಂದ ಕೂಗಿದ ಹಾಗಂತೆ. ಆಫ್ ಮಾಡಿ ಆನ್ ಮಾಡಿದೆ. ವಿಮಾನದ ಚಿತ್ರ ಒತ್ತಿ ಮತ್ತೆ ತೆಗೆದೆ. ಸಿಮ್ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿದೆ. ಬೀಜಾಡಿಯ ಕಡಲ ಬದಿಗೆ ಹೋಗಿ ಮರಳಿನ ಮೇಲೆ ನಿಂತು ಮಾಡಿದೆ. ಗಾಳಿ ಬಿಟ್ಟರೆ ಏನೂ ಸಿಗಲಿಲ್ಲ.

ಅಷ್ಟರಲ್ಲಿ ಅಕ್ಕ ಬಸ್ರೂರಿನಲ್ಲಿ ಮೀನು ಮಾರಿ, ಖಾಲಿ ಬುಟ್ಟಿ ಹಿಡಿದು ಬಂದರು. ನೋಡಿ ಪಾಪ ಅನಿಸಿತೋ ಏನೋ, ಇನ್ನು ಮುಂದೆ ಇವರ ಫೋನು ಬಂದಾಗ ನಮ್ಮಲ್ಲಿಗೆ ಬಾ, ನನ್ನದರಲ್ಲೇ ಮಾತಾಡು ಎಂದರು. ಬೇಡ ಅಕ್ಕ, ನನ್ನದೇ ಸರಿಯಾಗುತ್ತದೆ ಎಂದೆ. ನನ್ನ ಗಂಡನ ಹತ್ತಿರ ಮಾತಾಡಲು ನಾನು ಇನ್ನೊಬ್ಬರ ಜಗಲಿಯಲ್ಲಿ ಸರದಿ ಕಾಯಬೇಕೇ?

ಅಲ್ಲಿ ಅಷ್ಟೊತ್ತು ಎಂತ ಮಾತು ಎಂದು ಇವರನ್ನು ನೇರವಾಗಿ ಕೇಳಿದೆ. ಎಂತ ಇಲ್ಲೆ ಎಂದರು. ನಾನು ಬಿಡಲಿಲ್ಲ, ಹತ್ತು ಮಾತು ಆಡಿದೆ. ಅವರು ಬೈರಾಸು ಹೆಗಲಿಗೆ ಹಾಕಿಕೊಂಡು ಮೀಯಲು ಹೋದರು.

ಅಕ್ಟೋಬರ್ 16, ಗುರುವಾರ

ಬೋಟು ಮತ್ತೆ ಹೋಗಿದೆ. ಕುಂದಾಪುರಕ್ಕೆ ಹೋಗಿ ಹೊಸ ಸಿಮ್ ಹಾಕಿಸಿಕೊಂಡು ಬಂದೆ. ಕೌಂಟರಿನ ಹುಡುಗಿ ಇದು ಫೈವ್‌ಜಿ ಸಿಮ್, ಇನ್ನು ತೊಂದರೆ ಇಲ್ಲ ಎಂದಳು. ಬಸ್‌ಸ್ಟ್ಯಾಂಡಿನಿಂದಲೇ ಪದ್ದುವಿಗೆ ಮಾಡಿದೆ. ಯಾರು, ಯಾರು ಎಂದು ಕೇಳಿ ಇಟ್ಟುಬಿಟ್ಟಳು.

ಕೋಟೇಶ್ವರದಲ್ಲಿ ಇಳಿದು ಫೋನು ತೆಗೆದುಕೊಂಡ ಅಂಗಡಿಗೂ ಹೋದೆ. ಅಂಗಡಿಯ ಸಚಿನ್ ನಮ್ಮ ಕಡೆಯ ಹುಡುಗನೇ, ಆದರೆ ಕಿವಿಯಲ್ಲಿ ಒಂದು ಫೋನು, ಕೈಯಲ್ಲಿ ಇನ್ನೊಂದು. ನನ್ನದನ್ನು ಮುಟ್ಟದೆಯೇ, ಬೀಜಾಡಿ ಬದಿಯಲ್ಲಿ ಟವರ್ ಪ್ರಾಬ್ಲಂ, ಅಪ್‌ಡೇಟ್ ಮಾಡಿ, ನೆಟ್‌ವರ್ಕ್ ರೀಸೆಟ್ ಕೊಡಿ ಎಂದ. ಟವರ್ ಪ್ರಾಬ್ಲಂ ಆದರೆ ಗೋಡೆಯಾಚೆಯ ಡಬ್ಬಾ ಸೆಟ್ಟಿಗೆ ಯಾಕಿಲ್ಲ ಎಂದು ಕೇಳಿದೆ. ಹಳೇದೆಲ್ಲ ಗಟ್ಟಿ ಅಕ್ಕಾ ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ರೀಸೆಟ್ ಕೊಟ್ಟೆ. ಪದ್ದುವಿನ ಮನೆಯ ವೈಫೈ ಪಾಸ್‌ವರ್ಡ್ ಹೋಯಿತು. ಸ್ವರ ಬರಲಿಲ್ಲ.

ಬಸ್ಸಿನಲ್ಲಿ ಕೂತಾಗ ಒಂದು ಯೋಚನೆ ಬಂತು, ಬರೆಯಲು ನಾಚಿಕೆಯಾಗುತ್ತದೆ. ಇವರಿಗೆ ನನ್ನ ಮಾತು ಕೇಳಿಸಿಯೂ ಕೇಳಿಸದ ಹಾಗೆ ಮಾಡುತ್ತಿದ್ದಾರೋ? ಆಚೆ ಮನೆಗೆ ಫೋನು ಮಾಡಲು ನೆಪ ಬೇಕಲ್ಲ. ಆದರೆ ಪದ್ದುವಿಗೂ ಕೇಳಿಸಲಿಲ್ಲವಲ್ಲ ಎಂದು ಆಮೇಲೆ ನೆನಪಾಯಿತು. ಯೋಚನೆ ಮಾತ್ರ ಪೂರ್ತಿ ಹೋಗಿಲ್ಲ.

ಅಕ್ಟೋಬರ್ 19, ಭಾನುವಾರ

ದೀಪಾವಳಿಗೆಂದು ಬೋಟು ಬೇಗ ಬಂತು.

ಫೋನು ಬಂದಾಗ ನಾನು ಹಂಡೆಗೆ ನೀರು ತುಂಬುತ್ತಿದ್ದೆ. ಹಲೋ ಎಂದೆ. ಕೇಳಿಸಲಿಲ್ಲ, ಹೊಸ ಸಿಮ್ಮೂ ದಂಡ. ಈಗ ಇಡುತ್ತಾರೆ ಎಂದು ಹಲ್ಲು ಕಚ್ಚಿಕೊಂಡು ನಿಂತೆ. ಆದರೆ ಇಡಲಿಲ್ಲ. "ನಂಗ್ ನಿಂದ್ ಕೇಣ್ತಿಲ್ಲೆ. ನಿಂಗ್ ನಂದ್ ಕೇಣತ್ ಅಂದಿದ್ಯಲೆ, ಹಂಗಾರೆ ಕೇಣ್" ಎಂದರು. ಬಂಗುಡೆ ಚೆನ್ನಾಗಿ ಸಿಕ್ಕಿದೆಯಂತೆ. ನಮಗೆಂದು ಒಂದು ದೊಡ್ಡ ಅಂಜಲ್ ಮೀನು ತೆಗೆದಿಟ್ಟಿದ್ದಾರಂತೆ. ಮೊನ್ನೆ ಬೋಟಿನಲ್ಲಿ ಅಡಿಗೆಯವನಿಗೆ ಜ್ವರ ಬಂದು ಇವರೇ ಅನ್ನ ಬೇಯಿಸಿದರಂತೆ, ಅಡಿ ಹಿಡಿದು ಎಲ್ಲರೂ ಬೈದರಂತೆ. ಅನ್ನ ಇಳಿಸುವ ಮೊದಲು ಒಂದು ಅಗುಳು ಹಿಚುಕಿ ನೋಡಿ ಎಂದು ನೀನು ಹೇಳುತ್ತಿದ್ದದ್ದು ಆಗ ನೆನಪಾಯಿತು ಎಂದರು.

ನಾನು ನಡುವೆ ನಾಲ್ಕು ಸಲ ಬಾಯಿ ಹಾಕಿದೆ. ಯಾವ ಅಕ್ಕಿ, ಎಷ್ಟು ನೀರು ಹಾಕಿದಿರಿ ಎಂದೆಲ್ಲ ಕೇಳಿದೆ. ಅವರಿಗೆ ಮುಟ್ಟದ್ದರಿಂದ ಅವರು ತಮ್ಮ ಪಾಡಿಗೆ ಹೇಳುತ್ತ ಹೋದರು. ಮದುವೆಯಾದಂದಿನಿಂದ ಈ ಮನುಷ್ಯ ಒಮ್ಮೆಗೆ ಇಷ್ಟು ಮಾತಾಡಿದ್ದು ನಾನು ಕೇಳಿಲ್ಲ. ಹಂಡೆ ತುಂಬಿ ನೀರು ಅಂಗಳಕ್ಕೆಲ್ಲ ಹರಿಯಿತು.

ಕೊನೆಗೆ ಅದೇ, ಸರಿ, ಅತ್ತಿಗೆಗೆ ಮಾಡುತ್ತೇನೆ ಎಂದು ಇಟ್ಟರು. ಆಚೆ ಮತ್ತೆ ಅಷ್ಟೇ ಉದ್ದ. ಹ್ಞಾ, ಹ್ಞಾ. ನನಗೆ ಅಡಿ ಹಿಡಿದ ಅನ್ನದ ಕತೆ ಹೇಳಿದರು. ಅಕ್ಕನಿಗೆ ಇನ್ನು ಯಾವುದನ್ನು ಹೇಳುತ್ತಿರಬಹುದು?

ಅಕ್ಟೋಬರ್ 22, ಬುಧವಾರ

ಹಬ್ಬ ಕೆಟ್ಟಿತು. ತಂದು ಐಸಿನಲ್ಲಿಟ್ಟಿದ್ದ ಅಂಜಲನ್ನು ಇವರು ನಡುವಿಗೆ ಕತ್ತರಿಸಿ, ತಲೆಯ ಭಾಗವನ್ನು ಮೊದಲು ಆಚೆ ಕೊಟ್ಟುಬಂದರು. ಅಂಜಲಿನ ತಲೆ ನನಗೆ ಇಷ್ಟವೆಂದು ಇವರಿಗೆ ಗೊತ್ತಿದೆ. ನಾನು ಉಣ್ಣದೆ ಎದ್ದೆ. ಮೊದಲ ಫೋನು ನನಗೆ ಎಂದು ಬಾಯಿಗೆ ಹೇಳಿ, ಉದ್ದದ ಮಾತನ್ನೆಲ್ಲ ಅಲ್ಲಿಗೆ ಉಳಿಸಿದ್ದೀರಿ ಎಂದೆ. ಇನ್ನೂ ಏನೇನೋ ಎಂದೆ. ಗೋಡೆ ತೆಳು, ಆಚೆ ಕೇಳಿಸಿರಬೇಕು. ಕೇಳಿಸಲಿ ಎಂದೇ ಆಡಿದ್ದು.

ಇವರು ಒಂದೆರಡು ಸಲ ಬಾಯಿ ತೆರೆದರು, ನಾನು ಬಿಡಲಿಲ್ಲ.

ಅಕ್ಟೋಬರ್ 23, ಗುರುವಾರ

ಬೆಳಿಗ್ಗೆ ಆಚೆಯಿಂದ ಮುಚ್ಚಿದ ತಟ್ಟೆಯಲ್ಲಿ ಅಂಜಲಿನ ತಲೆಯ ಗಸಿ ಬಂತು. ಅಕ್ಕ ಬಾಗಿಲಲ್ಲಿಟ್ಟು, ಬುಟ್ಟಿ ಹೊತ್ತು ಬಸ್ರೂರಿನ ಬಸ್ಸಿಗೆ ಹೋದರು. ತಿನ್ನಬಾರದು ಎಂದುಕೊಂಡೆ. ಮಧ್ಯಾಹ್ನ ತಿಂದೆ. ಕೈರುಚಿಯಲ್ಲೂ ನನಗಿಂತ ಮೇಲೆ, ಅದೂ ಒಂದು ಉರಿ.

ನವೆಂಬರ್ 1, ಶನಿವಾರ

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಆದ ಹಾಗೇ ಬರೆಯುತ್ತೇನೆ.

ಫೋನು ಇನ್ನೂ ಹಾಗೇ ಇದೆ, ಸಚಿನ್ ಹತ್ತಿರ ಹೋಗಲು ಪುರುಸೊತ್ತಾಗಲಿಲ್ಲ. ನಾಳೆ ಹೋದರಾಯಿತು ಎಂದೇ ದಿನ ಹೋಯಿತು. ಸಂಜೆ ಇವರ ಫೋನು ಬಂತು. ನಾನು ಹಲೋ ಎನ್ನಲೂ ಹೋಗಲಿಲ್ಲ, ಎತ್ತಿ ಕಿವಿಗಿಟ್ಟುಕೊಂಡೆ. ಇಂಜಿನ್ನಿನ ಸದ್ದಿನ ನಡುವೆ ಇವರು ಮೆಲ್ಲ ಶುರು ಮಾಡಿದರು.

"ಅವತ್ತ್ ಅಣ್ಣನೂ ಹೀಂಗೇ ಫೋನ್ ಮಾಡಿದ್ದ. ಬಂದೆ, ಚಾಯಕ್ಕೆ ನೀರ್ ಇಡ್ ಅಂದಿದ್ದ. ಅತ್ತಿಗೆ ಇಟ್ರ್. ನೀರ್ ಕುದ್ದ್ ಕುದ್ದ್ ಬತ್ತಿ, ಪಾತ್ರೆ ಸುಟ್ಟ್ ಹೋಯ್ತ್, ಅವ ಬರ್ಲಿಲ್ಲೆ. ಅಳಿವೆಯಂಗೇ ಹೋದ."

ಇದು ನನಗೆ ಗೊತ್ತಿರಲಿಲ್ಲ. ಬಾವ ಅಳಿವೆಯಲ್ಲಿ ಹೋದದ್ದು ಗೊತ್ತು, ನಾನು ಆಗ ಕೋಟದ ತವರಿನಲ್ಲಿದ್ದೆ. ಆ ಫೋನಿನ ಸುದ್ದಿ, ಚಾಯದ ಸುದ್ದಿ ಯಾರೂ ಹೇಳಿರಲಿಲ್ಲ. ನಾನೂ ಅಕ್ಕನನ್ನು ಕೇಳಿರಲಿಲ್ಲ.

ಇವರು ಮುಂದುವರಿಸಿದರು. ಅಂದಿನಿಂದ ಅತ್ತಿಗೆಗೆ ಬಂದೆವು ಎಂದು ಹೇಳಿದರೆ ಸಾಲುವುದಿಲ್ಲವಂತೆ. ಬೋಟು ಅಳಿವೆ ದಾಟಿ ಹೊಳೆಯೊಳಗೆ ಬರುವ ತನಕ ಫೋನು ಇಡಬಾರದು ಎಂದು ಇವರಿಂದ ಮಾತು ತೆಗೆದುಕೊಂಡಿದ್ದಾರಂತೆ. ಚುಕ್ಕಾಣಿ ತಾಂಡೇಲರದ್ದು, ಇವರದ್ದು ಮುಂದೆ ನಿಂತು ನೀರು ನೋಡುವ ಕೆಲಸ. ನಿಂತುಕೊಂಡು ಕಂಡದ್ದನ್ನು ಕಂಡ ಹಾಗೆ ಹೇಳುವುದು. "ಈಗ ಲೈಟ್‌ಹೌಸ್ ಕಂಡ್ತ್, ಈಗ ಕಲ್ಲಿನ್ ದಂಡೆ ಬಂತ್, ಈಗ ಒಂದ್ ತೆರೆ ಹೋಯ್ತ್, ಈಗ ಒಳಗ್ ಬಂತ್. ಅಷ್ಟೇ ಮಾತ್. ಬೇರೆ ಎಂತದೂ ಇಲ್ಲೆ." ದಾಟಿತೆಂದ ಮೇಲೆಯೇ ಅವರು ಒಲೆಗೆ ನೀರಿಡುವುದಂತೆ.

ಇಷ್ಟು ಹೇಳಿ ಇಟ್ಟರೇನೋ ಎಂದು ಫೋನು ನೋಡಿದೆ, ಇಟ್ಟಿರಲಿಲ್ಲ.

"ಇದನ್ನ ನಿಂಗೆ ಎದ್ರ್ ಕೂತ್ ಹೇಳುಕೆ ಹೋರೆ ನೀ ನಡೂಗ್ ಬಾಯ್ ಹಾಕ್ತೆ. ಅದ್ಕೆ ಹೇಳಿಲ್ಲೆ. ಮತ್ತೊಂದ್, ನಿನ್ ಹತ್ರ ಮಾತಾಡ್ರೆ ನಂಗ್ ಮನೆಗ್ ಬಂದಂಗೇ ಆತ್ತ್, ನೀರ್ ಕಾಂಬುದೇ ಮರ್ತ್ ಹೋತ್ತ್. ಅದ್ಕೇ ನಿಂಗೆ ಚೂರೇ ಮಾಡುದ್."

ಹ್ಞಾ ಎಂದೆ. ಮತ್ತೊಮ್ಮೆ ಹ್ಞಾ ಎಂದೆ. ಅದು ಅವರಿಗೆ ಮುಟ್ಟಿರಲಿಕ್ಕಿಲ್ಲ. ಅತ್ತಿಗೆಗೆ ಮಾಡುತ್ತೇನೆ ಎಂದು ಇಟ್ಟರು.

ಗೋಡೆಯ ಹತ್ತಿರ ಹೋಗಲಿಲ್ಲ. ಹಾಗೆಂದು ನನಗೇನೂ ಎಲ್ಲ ಸರಿಹೋಗಲಿಲ್ಲ. ಅವರಿಬ್ಬರ ನಡುವೆ ಇಂಥದ್ದೊಂದು ಇದೆ, ಅದರಲ್ಲಿ ನಾನಿಲ್ಲ, ಅದು ಈಗಲೂ ಚುಚ್ಚುತ್ತದೆ. ಮಾತಿಲ್ಲದ ಮಾತು ಎಂದರೆ ಮಾತಿಗಿಂತ ಹೆಚ್ಚಿನದೇ ಅಲ್ಲವೇ.

ನವೆಂಬರ್ 3, ಸೋಮವಾರ

ಇವರು ಮನೆಯಲ್ಲಿದ್ದಾರೆ. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಧ್ಯಾಹ್ನ ಜಗಲಿಯಲ್ಲಿ ಕೂತು ಬಲೆಯ ಹಗ್ಗ ಹೊಸೆಯುತ್ತ, ತಾಂಡೇಲರ ಮಗಳ ಮದುವೆ ಸುದ್ದಿ ಹೇಳಿದರು. ನಾನು ರವಿಕೆಗೆ ಹುಕ್ಕು ಹಾಕುತ್ತ ಕೂತಿದ್ದೆ. ಬಾಯಲ್ಲಿ ನೂಲು ಕಚ್ಚಿಕೊಂಡಿದ್ದರಿಂದ ಮಾತಾಡಲಾಗಲಿಲ್ಲ. ಪೂರ್ತಿ ಹೇಳಿ ಮುಗಿಸಿದರು.

ನವೆಂಬರ್ 11, ಮಂಗಳವಾರ

ಬೋಟು ನಾಡಿದ್ದು ಬರಬಹುದು ಎಂದು ಪದ್ದುವಿನ ಗಂಡ ಹೇಳಿದ. ಕೋಟೇಶ್ವರಕ್ಕೆ ಹೋದೆ. ಸಚಿನ್ ಅಂಗಡಿಯಲ್ಲಿ ಇವತ್ತು ಜನ ಇರಲಿಲ್ಲ. ಫೋನು ಕೈಗೆ ತೆಗೆದುಕೊಂಡು ನನ್ನ ಮಾತನ್ನು ರೆಕಾರ್ಡ್ ಮಾಡಿ ಕೇಳಿಸಿದ, ಬರೀ ಗುಸುಗುಸು. ಕೆಳಗಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಅಕ್ಕಾ ಪೂಜೆ ಮಾಡಿದ್ರ್ಯಾ ಎಂದು ಕೇಳಿದ. ಮಾತು ಹೋಗುವ ತೂತಿನೊಳಗೆ ಗಂಧವೂ ಕುಂಕುಮವೂ ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ನವರಾತ್ರಿ ಕಳೆದ ಮೇಲೆ ಇಂಥವು ಎಷ್ಟೋ ಬರುತ್ತವಂತೆ. ಅದನ್ನು ಆ ದಿನವೇ ನೋಡಿದ್ದರೆ ಏನಾಗುತ್ತಿತ್ತು ಎಂದು ಬೈದೆ. ಸೂಜಿ, ಬ್ರಷ್ಷು, ಯಾವುದೋ ನೀರು ಹಾಕಿ ತಿಕ್ಕಿದ. ಪದ್ದುವಿಗೆ ಮಾಡಿದೆ. ಅಬ್ಬಾ, ಕಿವಿ ಒಡೆಯಬೇಡ ಎಂದಳು.

ಹೇಗೂ ಹೋಗಿದ್ದೆನಲ್ಲ, ಅಕ್ಕನ ಸೆಟ್ಟಿಗೆ ಒಂದು ಹೊಸ ಬ್ಯಾಟರಿ ತಂದೆ. ಹಳೆಯದು ಉಬ್ಬಿ, ಹಿಂದಿನ ಮುಚ್ಚಳ ನಿಲ್ಲದೆ ರಬ್ಬರ್ ಬ್ಯಾಂಡ್ ಕಟ್ಟಿಕೊಂಡಿದ್ದರು. ಮಾತಿನ ನಡುವೆ ಆಫ್ ಆದರೆ ಆಮೇಲೆ ಯಾರು ಸಮಾಧಾನ ಹೇಳುವುದು. ಬ್ಯಾಟರಿ ಹಾಕಿ ಕೊಟ್ಟಾಗ ಅಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಿನ್ನದು ಏನಾಯಿತು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾಡಿದ್ದಿಗೆ ಏನೇನು ಮಾತಾಡಬೇಕೆಂದು ಈಗಲೇ ಮನಸ್ಸಿನಲ್ಲಿ ಜೋಡಿಸುತ್ತಿದ್ದೇನೆ. ಮೊದಲಿಗೆ, ನನ್ನ ಸ್ವರ ಕೇಳುತ್ತದೆಯೇ ಎಂದು ಕೇಳಬೇಕು. ಇವರಿಗೆ ಎಷ್ಟು ಆಶ್ಚರ್ಯವಾಗಬಹುದು.

ನವೆಂಬರ್ 13, ಗುರುವಾರ

ಬೋಟು ಬಂತು. ಇವರು ಮೀನು ಇಳಿಸಿ ಬರಲು ಇನ್ನೂ ಹೊತ್ತಿದೆ, ಅಷ್ಟರಲ್ಲಿ ಬರೆದಿಡುತ್ತೇನೆ.

ಹೊತ್ತು ಮುಳುಗಲು ಸ್ವಲ್ಪ ಇರುವಾಗ ಫೋನು ಬಂತು. "ಹ್ವಾಯ್, ಈಗ್ಳಾರೂ ಕೇಣ್ತಾ? ಇವತ್ತ್ ಸಿಗ್ನಲ್ ತಡ ಆಯ್ತ್, ಲೈಟ್‌ಹೌಸ್ ಆಗ್ಳೇ ಕಂಡ್ತ್" ಎಂದರು. ಹಲೋ ಎನ್ನಲು ಬಾಯಿ ತೆರೆದೆ. ಅಡಿಗೆಮನೆಯ ಕಿಟಕಿಯಿಂದ ಆಚೆಯ ಜಗಲಿ ಕಾಣುತ್ತದೆ. ಅಕ್ಕ ಬಸ್ರೂರಿನಿಂದ ಬಂದು ಕಾಲು ಕೂಡ ತೊಳೆಯದೆ, ಬುಟ್ಟಿಯ ಪಕ್ಕ ಮೆಟ್ಟಿಲಲ್ಲಿ ಕೂತಿದ್ದರು. ಸೆಟ್ಟು ಮಡಿಲಲ್ಲಿತ್ತು. ಮುಖ ಕಡಲಿನ ಕಡೆ.

ನಾನು ಮಾತಾಡಿದರೆ ಇವರು ಮಾತಾಡುತ್ತಾರೆ. ಹೇಗೆ ಸರಿಯಾಯಿತು ಎಂದು ಕೇಳುತ್ತಾರೆ, ನಾನು ಕುಂಕುಮದ ಕತೆ ಶುರು ಮಾಡುತ್ತೇನೆ. ನನಗೆ ಚಿಕ್ಕದಾಗಿ ಹೇಳಿ ಗೊತ್ತಿಲ್ಲ. ಲೈಟ್‌ಹೌಸ್ ಕಂಡ ಮೇಲೆ ಕಲ್ಲಿನ ದಂಡೆಗೆ ಎಷ್ಟು ದೂರ.

ಬಾಯಿ ಮುಚ್ಚಿದೆ. ತಿಕ್ಕಿ ತೆರೆದ ತೂತಿನಲ್ಲಿ ಉಸಿರೂ ಕೇಳಿಸೀತೆಂದು ಹೆಬ್ಬೆರಳು ಒತ್ತಿ ಹಿಡಿದೆ. ಇವರು ಒಂದು ಕ್ಷಣ ಕಾದರು. "ಇನ್ನೂ ಸರಿ ಆಯ್ಲಿಲ್ಯಾ. ಇರ್ಲಿ, ಮನೆಗ್ ಬಂದ್ ಮಾತಾಡ್ತೆ. ಅತ್ತಿಗೆಗ್ ಮಾಡ್ತೆ ಈಗ" ಎಂದರು.

ಆಚೆ ಸೆಟ್ಟು ಕೂಗಿತು. ಅಕ್ಕ ಎತ್ತಿದರು. ಹ್ಞಾ. ಹ್ಞಾ. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಅಕ್ಕನ ಒಂದು ಹ್ಞಾಕ್ಕೂ ಇನ್ನೊಂದಕ್ಕೂ ನಡುವೆ ಒಮ್ಮೆ ತುಂಬಾ ಹೊತ್ತಾಯಿತು. ಆಗ ನಾನೂ ಕಡಲಿನ ಕಡೆ ಮುಖ ತಿರುಗಿಸಿದೆ. ಅಷ್ಟು ದಿನ ಗೋಡೆಗೆ ಕಿವಿ ಕೊ‍ಟ್ಟರೂ ನನಗೆ ಈ ನಡುವಿನ ಹೊತ್ತು ಕೇಳಿಸಿರಲಿಲ್ಲ. ಮತ್ತೆ ಹ್ಞಾ ಬಂತು. ಅಕ್ಕ ಎದ್ದು ಒಳಗೆ ಹೋದರು, ಪಾತ್ರೆಗೆ ನೀರು ಬೀಳುವ ಸದ್ದಾಯಿತು.

ಆಮೇಲೆ ಎರಡು ಲೋಟ ಹಿಡಿದು ಈಚೆ ಬಂದರು. ಬೋಟು ಒಳಗೆ ಬಂತಂತೆ ಎಂದು ಹೇಳಿ ಒಂದು ಲೋಟ ನನಗೆ ಕೊಟ್ಟರು. ಹೌದಾ ಎಂದೆ, ಗೊತ್ತಿಲ್ಲದವಳ ಹಾಗೆ. ಇಬ್ಬರೂ ಮೆಟ್ಟಿಲಲ್ಲಿ ಕೂತು ಚಾಯ ಕುಡಿದೆವು. ಸಕ್ಕರೆ ಜಾಸ್ತಿಯಾಗಿತ್ತು, ಹೇಳಲಿಲ್ಲ. ಪದ್ದುವಿಗೆ ನಾಳೆ ಬೆಳಿಗ್ಗೆಯೇ ಹೇಳಿಡಬೇಕು, ಫೋನಿನ ವಿಷಯ ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು.

ಲೋಟ ತೆಗೆದುಕೊಂಡು ಹೋಗುವಾಗ ಅಕ್ಕ ತಿರುಗಿ ನಿಂತರು. "ನಿನ್ ಫೋನ್ ಸರಿ ಆಯ್ತಾ ಶ್ರೀಲತ?"

"ಇಲ್ಲೆ ಅಕ್ಕ" ಅಂದೆ.